ಮರುಭೂಮಿಯ ದಂಶಕಗಳನ್ನು ಬಿಳಿ ಇಲಿಯಂತೆ ಸಾಕಬೇಡಿ

ಸಂಪಾದಕರಿಗೆ,

ಮಾನ್ಯರೇ,

ನೇಕೆಡ್ ಮೋಲ್ ರ‍್ಯಾಟ್ ಎಂಬ ಕೂದಲಿಲ್ಲದ ಬಿಲವಾಸಿ ಪ್ರಾಣಿಗೆ ಕ್ಯಾನ್ಸರ್ ಬರುವುದಿಲ್ಲ, ಮುಳ್ಳಿಲಿಯ ಹರಿದ ಚರ್ಮ ಕಲೆಯಿಲ್ಲದೆ ಮತ್ತೆ ಬೆಳೆಯುತ್ತದೆ, ಕಾಂಗರೂ ಇಲಿ ನೀರು ಕುಡಿಯದೆಯೇ ಬದುಕುತ್ತದೆ. ವಿಜ್ಞಾನದ ಪುಟಗಳಲ್ಲಿ ಇಂಥ ಸುದ್ದಿ ಆಗಾಗ ಬರುತ್ತದೆ. ಓದಲು ಸೊಗಸಾಗಿರುತ್ತದೆ, ಬಹುಮಟ್ಟಿಗೆ ನಿಜವೂ ಆಗಿರುತ್ತದೆ. ಆದರೆ ಆ ಪ್ರಾಣಿಯನ್ನು ಎಷ್ಟು ಶಾಖದಲ್ಲಿ, ಯಾವ ಬೆಳಕಿನಲ್ಲಿ, ಏನು ತಿನ್ನಿಸಿ ಸಾಕಿದ್ದರು ಎಂಬ ಸಾಲು ಮಾತ್ರ ಸುದ್ದಿಯಲ್ಲಿ ಇರುವುದಿಲ್ಲ. ಎಷ್ಟೋ ಸಲ ಮೂಲ ಪ್ರಬಂಧದಲ್ಲೂ ಅದು ಅರ್ಧ ವಾಕ್ಯದಲ್ಲಿ ಮುಗಿದಿರುತ್ತದೆ. ಪ್ರಯೋಗಾಲಯದ ಪ್ರಾಣಿಗಳ ಪಾಲನೆಯ ಕೆಲಸ ಬಲ್ಲ ನಾವು ಈ ಪತ್ರ ಬರೆಯುತ್ತಿರುವುದು ಆ ಸಾಲಿನ ಬಗ್ಗೆ.

ಮರುಭೂಮಿಯ ದಂಶಕವನ್ನು, ಅಂದರೆ ಇಲಿಯಂತೆ ಕಚ್ಚಿ ಕೊರೆಯುವ ಹಲ್ಲಿನ ಪ್ರಾಣಿಯನ್ನು, ಸಂಶೋಧಕರು ಆರಿಸಿಕೊಳ್ಳುವುದೇ ಅದು ಸಾಮಾನ್ಯ ಬಿಳಿ ಇಲಿಗಿಂತ ಬೇರೆಯಾಗಿದೆ ಎಂಬ ಕಾರಣಕ್ಕೆ. ತಂದ ಮೇಲೆ ಬಿಳಿ ಇಲಿಯ ಪಂಜರ, ಬಿಳಿ ಇಲಿಯ ತಿಂಡಿ, ಬಿಳಿ ಇಲಿಯ ಔಷಧದ ಪ್ರಮಾಣ ಎಲ್ಲವನ್ನೂ ಅದಕ್ಕೆ ಹೊಂದಿಸಿಬಿಡುತ್ತಾರೆ. ಆಮೇಲೆ ಬರುವ ಫಲಿತಾಂಶದಲ್ಲಿ ಪ್ರಾಣಿಯ ಸ್ವಭಾವ ಎಷ್ಟು, ಪಂಜರದ ಪ್ರಭಾವ ಎಷ್ಟು ಎಂದು ಬೇರ್ಪಡಿಸಲು ಯಾರಿಂದಲೂ ಆಗುವುದಿಲ್ಲ.

ಇದಕ್ಕೆ ಮರಳಿಲಿಗಿಂತ ಸ್ಪಷ್ಟವಾದ ಉದಾಹರಣೆ ಇಲ್ಲ. ಉತ್ತರ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಈ ಪ್ರಾಣಿಯ ಶಾಸ್ತ್ರೀಯ ಹೆಸರು ಸ್ಯಾಮೊಮಿಸ್ ಒಬೀಸಸ್. ಇದು ಜರ್ಬಿಲ್ ಎಂಬ ಮರುಭೂಮಿಯ ಪುಟ್ಟ ದಂಶಕಗಳ ಬಂಧು, ಹಗಲು ಓಡಾಡುವ ಪ್ರಾಣಿ. ಮರುಭೂಮಿಯಲ್ಲಿ ಇದರ ಮುಖ್ಯ ಆಹಾರ ಅಟ್ರಿಪ್ಲೆಕ್ಸ್‌ನಂಥ ಉಪ್ಪುಗಿಡಗಳ ಎಲೆ. ಆ ಎಲೆಯಲ್ಲಿ ನೀರು ಹೇರಳ, ಉಪ್ಪು ಹೇರಳ, ಶಕ್ತಿ ಮಾತ್ರ ಕಡಿಮೆ. ಎಲೆಯ ಮೇಲಿನ ಉಪ್ಪಿನ ಪದರವನ್ನು ಹಲ್ಲಿನಿಂದ ಕೆರೆದು ತೆಗೆದು ಒಳಗಿನದನ್ನು ತಿನ್ನುತ್ತದೆ. 1960ರ ದಶಕದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಕ್ನೂಟ್ ಶ್ಮಿಟ್-ನೀಲ್ಸನ್ ಮತ್ತು ಸಂಗಡಿಗರು ಈ ಪ್ರಾಣಿಗೆ ಇಲಿಗಳಿಗೆ ಹಾಕುವ ಸಾಮಾನ್ಯ ಪೆಲೆಟ್ (ಧಾನ್ಯ ಒತ್ತಿ ಮಾಡಿದ ಗಟ್ಟಿ ತಿಂಡಿ) ತಿನ್ನಿಸಿದರು. ಪ್ರಾಣಿಗಳು ದಪ್ಪಗಾದವು, ರಕ್ತದ ಸಕ್ಕರೆ ಏರಿತು, ಕಣ್ಣಿನಲ್ಲಿ ಪೊರೆ ಬಂತು. 1964ರಲ್ಲಿ ಅವರು ಪ್ರಕಟಿಸಿದ ವರದಿ ಮರಳಿಲಿಯನ್ನು ಮಧುಮೇಹದ ಸಂಶೋಧನೆಗೆ ತಂದಿತು. ಅಂದರೆ ಈ ಪ್ರಾಣಿ ಪ್ರಯೋಗಾಲಯದಲ್ಲಿ ಹೆಸರು ಮಾಡಿದ್ದೇ ತಿಂಡಿ ಬದಲಾದದ್ದರಿಂದ.

ಇಲ್ಲಿ ಅಂಕಿ ಗಮನಿಸಬೇಕು. ಮರಳಿಲಿಯ ಅಧ್ಯಯನಗಳಲ್ಲಿ ಕಡಿಮೆ ಶಕ್ತಿಯ ಆಹಾರವೆಂದರೆ ಗ್ರಾಂಗೆ ಸುಮಾರು 2.4 ಕಿಲೊ ಕ್ಯಾಲೊರಿ, ಹೆಚ್ಚು ಶಕ್ತಿಯ ಆಹಾರವೆಂದರೆ ಸುಮಾರು 2.9. ಬಿಳಿ ಇಲಿಗಳ ಕೆಲಸ ಮಾಡಿದವರಿಗೆ ‘ಹೆಚ್ಚು ಶಕ್ತಿಯ ಆಹಾರ’ ಎಂದ ಕೂಡಲೇ ಕೊಬ್ಬು ತುಂಬಿಸಿ ತಯಾರಿಸಿದ ವಿಶೇಷ ತಿಂಡಿ ನೆನಪಾಗುತ್ತದೆ. ಮರಳಿಲಿಗೆ ಅದರ ಅಗತ್ಯವೇ ಇಲ್ಲ. ಅಂಗಡಿಯಿಂದ ಬರುವ ಸಾದಾ ಪೆಲೆಟ್ಟೇ ಅದಕ್ಕೆ ಅತಿಯಾದ ಊಟ. ಗ್ರಾಂಗೆ ಅರ್ಧ ಕಿಲೊ ಕ್ಯಾಲೊರಿಯ ವ್ಯತ್ಯಾಸ ಆರೋಗ್ಯವಂತ ಪ್ರಾಣಿಯನ್ನು ಕೆಲವೇ ದಿನಗಳಲ್ಲಿ ರೋಗಿಯಾಗಿಸಬಲ್ಲದು. ಹೀಗಿರುವಾಗ ತಿಂಡಿಯ ಚೀಲ ಬದಲಾದದ್ದನ್ನು, ತಯಾರಕರು ಧಾನ್ಯದ ಮಿಶ್ರಣ ಬದಲಿಸಿದ್ದನ್ನು, ಒಬ್ಬ ಸಹಾಯಕ ರಜೆಯಲ್ಲಿದ್ದಾಗ ಇನ್ನೊಬ್ಬರು ಪಕ್ಕದ ಕೊಠಡಿಯ ಡಬ್ಬಿಯಿಂದ ಬಡಿಸಿದ್ದನ್ನು ಬರೆದಿಡದಿದ್ದರೆ ಆ ತಿಂಗಳ ಅಂಕಿಗಳಿಗೆ ಬೆಲೆಯಿಲ್ಲ. ಪ್ರತಿ ಚೀಲದ ಬ್ಯಾಚ್ ಸಂಖ್ಯೆ, ತೆರೆದ ದಿನಾಂಕ, ಪ್ರತಿ ಪಂಜರಕ್ಕೆ ಹಾಕಿದ ಮತ್ತು ಉಳಿದ ಗ್ರಾಂ ಇಷ್ಟನ್ನು ದಾಖಲಿಸಲೇಬೇಕು. ಮರಿ ತಾಯಿಯ ಹಾಲು ಬಿಡುವ ಹೊತ್ತು ಇನ್ನೂ ನಾಜೂಕಾದದ್ದು. ತಾಯಿಯ ಪಂಜರದಲ್ಲಿ ಯಾವ ತಿಂಡಿ ಇತ್ತೋ ಅದನ್ನೇ ಮರಿಯೂ ಕಚ್ಚಿ ರುಚಿ ನೋಡಿರುತ್ತದೆ. ಪ್ರಯೋಗ ಶುರುವಾಗುವ ಮೊದಲೇ ಕೆಲವು ಮರಿಗಳ ಇನ್ಸುಲಿನ್ ಏರಿರುತ್ತದೆ.

ರೋಗ ಮುಂದುವರಿಯುವ ಕ್ರಮವನ್ನು ಎ, ಬಿ, ಸಿ, ಡಿ ಎಂದು ನಾಲ್ಕು ಹಂತವಾಗಿ ಗುರುತಿಸುತ್ತಾರೆ. ಮೊದಲ ಹಂತದಲ್ಲಿ ಸಕ್ಕರೆಯೂ ಇನ್ಸುಲಿನ್ನೂ ಸಹಜ. ಎರಡನೆಯದರಲ್ಲಿ ಸಕ್ಕರೆ ಸಹಜ, ಇನ್ಸುಲಿನ್ ಹೆಚ್ಚು. ಮೂರನೆಯದರಲ್ಲಿ ಎರಡೂ ಹೆಚ್ಚು. ನಾಲ್ಕನೆಯದರಲ್ಲಿ ಸಕ್ಕರೆ ಹೆಚ್ಚು, ಇನ್ಸುಲಿನ್ ಕುಸಿತ, ಪ್ರಾಣಿ ಕೃಶವಾಗಿ, ಕೊಬ್ಬು ಉರಿದು ರಕ್ತದಲ್ಲಿ ಕೀಟೋನ್‌ಗಳು ತುಂಬುವ ಕೀಟೋಸಿಸ್‌ಗೆ ಜಾರುತ್ತದೆ. ಸಕ್ಕರೆಯೊಂದನ್ನೇ ಅಳೆಯುವವರಿಗೆ ಮೊದಲ ಎರಡು ಹಂತಗಳ ವ್ಯತ್ಯಾಸ ಕಾಣುವುದಿಲ್ಲ, ಕೊನೆಯ ಎರಡರದೂ ಕಾಣುವುದಿಲ್ಲ. ಇನ್ನೊಂದು ಬಲೆ ಉಪವಾಸದ್ದು. ಬಿಳಿ ಇಲಿಗಳ ಅಭ್ಯಾಸದಂತೆ ರಾತ್ರಿಯಿಡೀ ತಿಂಡಿ ತೆಗೆದಿಟ್ಟು ಬೆಳಿಗ್ಗೆ ರಕ್ತ ತೆಗೆದರೆ ಮಧುಮೇಹಿ ಮರಳಿಲಿಯ ಸಕ್ಕರೆಯೂ ಸಹಜಕ್ಕೆ ಇಳಿದಿರುತ್ತದೆ, ರೋಗವೇ ಇಲ್ಲವೆಂದು ಬರೆದುಕೊಳ್ಳಬೇಕಾಗುತ್ತದೆ. ಆದ್ದರಿಂದ ಊಟ ಮಾಡಿದ ಸ್ಥಿತಿಯಲ್ಲಿ, ಪ್ರತಿ ಸಲವೂ ಅದೇ ಗಂಟೆಗೆ ಅಳೆಯಬೇಕು. ಇನ್ಸುಲಿನ್ ಅಳೆಯುವ ಕಿಟ್ ಇಲಿಗಾಗಿ ತಯಾರಾದದ್ದಾದರೆ ಮರಳಿಲಿಯ ಇನ್ಸುಲಿನ್ನನ್ನು ಅದು ಎಷ್ಟರ ಮಟ್ಟಿಗೆ ಹಿಡಿಯುತ್ತದೆ ಎಂದು ಮೊದಲು ಪರೀಕ್ಷಿಸಿ ನೋಡಬೇಕು. ಡಬ್ಬಿಯ ಮೇಲಿನ ಬರಹ ನಂಬಿ ಹೊರಟರೆ ‘ಇನ್ಸುಲಿನ್ ಕಡಿಮೆ’ ಎಂಬ ಸುಳ್ಳು ಉತ್ತರ ಸಿಗಬಹುದು.

ಎಲ್ಲ ಮರಳಿಲಿಗಳೂ ಒಂದೇ ಬಗೆಯಲ್ಲ ಎನ್ನುವುದೂ ಮುಖ್ಯ. ಜೆರುಸಲೆಮ್‌ನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಬೇಗ ಮಧುಮೇಹಕ್ಕೆ ಬೀಳುವ ವಂಶವನ್ನೂ ತಡೆದುಕೊಳ್ಳುವ ವಂಶವನ್ನೂ ಆಯ್ದು ಬೇರೆ ಬೇರೆಯಾಗಿ ಬೆಳೆಸಿದರು. ಯಾವ ವಂಶವೆಂದು ಹೇಳದೆ ಬರೀ ‘ಮರಳಿಲಿ’ ಎಂದು ಬರೆದ ಪ್ರಬಂಧವನ್ನು ಮತ್ತೊಬ್ಬರು ಮಾಡಿ ನೋಡಲು ಆಗುವುದಿಲ್ಲ. ಈ ಪ್ರಾಣಿಯ ಮೇದೋಜೀರಕ ಗ್ರಂಥಿಗೆ ಬೇಕಾದ ಪಿಡಿಎಕ್ಸ್1 ಎಂಬ ಜೀನ್ ಇಲ್ಲವೇ ಇಲ್ಲ ಎಂದು ಬಹಳ ಕಾಲ ನಂಬಿದ್ದರು. 2017ರಲ್ಲಿ ಪೂರ್ತಿ ಜೀನೋಮ್ ಓದಿದಾಗ ಜೀನ್ ಇದೆ, ಆದರೆ ಗುರುತು ಸಿಗದಷ್ಟು ಮಾರ್ಪಟ್ಟ ಭಾಗದಲ್ಲಿ ಅಡಗಿದೆ ಎಂದು ತಿಳಿಯಿತು. ಇಲಿಯ ಜೀನ್‌ಗೆ ಹೊಂದಿಸಿದ ಸಾಧನಗಳಿಂದ ಹುಡುಕಿದರೆ ಹೀಗೂ ಆಗುತ್ತದೆ.

ಮರಳಿಲಿಗಳನ್ನು ಗುಂಪಾಗಿ ಕೂಡಿಹಾಕುವುದೂ ತಪ್ಪು. ಬೆಳೆದ ಹೆಣ್ಣು ಗಂಡಿನ ಮೇಲೆ ಎರಗುತ್ತದೆ. ಜೋಡಿ ಮಾಡುವಾಗ ನಡುವೆ ಜಾಲರಿ ಇಟ್ಟು ವಾಸನೆ ಪರಿಚಯವಾಗಲು ಬಿಡಬೇಕು, ತೆರೆದ ಮೇಲೆ ಯಾರಾದರೂ ಅಲ್ಲೇ ನಿಂತು ನೋಡುತ್ತಿರಬೇಕು, ಅಟ್ಟಿಸಿಕೊಂಡು ಹೋಗುವುದು ನಿಲ್ಲದಿದ್ದರೆ ಕೂಡಲೇ ಬೇರೆ ಮಾಡಬೇಕು. ಇದು ದಯೆಯ ವಿಷಯ ಹೌದು, ಅಂಕಿಗಳ ವಿಷಯವೂ ಹೌದು. ಕಚ್ಚಿಸಿಕೊಂಡು ಮೂಲೆ ಸೇರಿದ ಪ್ರಾಣಿಯ ಒತ್ತಡದ ಹಾರ್ಮೋನು ಏರುತ್ತದೆ, ಅದರೊಂದಿಗೆ ಸಕ್ಕರೆಯೂ ಏರುತ್ತದೆ.

ಮರುಭೂಮಿಯ ದಂಶಕಗಳಲ್ಲಿ ಪ್ರಯೋಗಾಲಯಕ್ಕೆ ಚೆನ್ನಾಗಿ ಒಗ್ಗಿದ್ದು ಮಂಗೋಲಿಯನ್ ಜರ್ಬಿಲ್. 1935ರಲ್ಲಿ ಅಮೂರ್ ನದಿಯ ಬಯಲಿನಲ್ಲಿ ಹಿಡಿದ 20 ಜೋಡಿಗಳಿಂದ ಜಪಾನಿನಲ್ಲಿ ಸಂತತಿ ಬೆಳೆಯಿತು. 1954ರಲ್ಲಿ ಅಲ್ಲಿಂದ 11 ಜೋಡಿ ಅಮೆರಿಕಕ್ಕೆ ಹೋದವು. ಅವುಗಳಲ್ಲಿ ಮರಿ ಹಾಕಿದ್ದು 5 ಹೆಣ್ಣು, 4 ಗಂಡು. ಇಂದು ಬಹುಪಾಲು ಪ್ರಯೋಗಾಲಯಗಳಲ್ಲಿರುವ ಜರ್ಬಿಲ್‌ಗಳ ಮೂಲ ಈ ಒಂಬತ್ತು ಪ್ರಾಣಿಗಳು. ಅವುಗಳ ಮೇಲೆ ಕಂಡದ್ದನ್ನು ‘ಜರ್ಬಿಲ್ ಜಾತಿಯ ಗುಣ’ ಎನ್ನುವ ಮೊದಲು ಇದು ನೆನಪಿರಬೇಕು.

ಜರ್ಬಿಲ್ ಮಿದುಳಿನ ಸಂಶೋಧನೆಗೆ ಬಂದದ್ದು ಅದರ ರಕ್ತನಾಳಗಳ ಒಂದು ಕೊರತೆಯಿಂದ. ಮಿದುಳಿನ ತಳದಲ್ಲಿ ಮುಂದಿನ ಮತ್ತು ಹಿಂದಿನ ರಕ್ತನಾಳಗಳನ್ನು ಬೆಸೆಯುವ ಉಂಗುರವೊಂದು ಇರುತ್ತದೆ, ವಿಲ್ಲಿಸ್ ವೃತ್ತ ಎನ್ನುತ್ತಾರೆ. ಜರ್ಬಿಲ್‌ನಲ್ಲಿ ಹಿಂದಿನ ಬೆಸುಗೆ ಇಲ್ಲ ಎಂಬುದು ಹಳೆಯ ವಿವರಣೆ. ಹಾಗಾಗಿ ಕತ್ತಿನ ಎರಡು ಕ್ಯಾರೊಟಿಡ್ ಧಮನಿಗಳನ್ನು ಐದೇ ನಿಮಿಷ ಹಿಡಿದರೆ ಮುಂಮಿದುಳಿಗೆ ರಕ್ತ ನಿಲ್ಲುತ್ತದೆ. ಮಿದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್‌ನ ಸಿಎ1 ಭಾಗದ ನರಕೋಶಗಳು ಕೂಡಲೇ ಸಾಯದೆ ಎರಡರಿಂದ ನಾಲ್ಕು ದಿನಗಳ ನಂತರ ಸಾಯುತ್ತವೆ ಎಂದು 1982ರಲ್ಲಿ ಕಿರಿನೊ ಎಂಬ ಸಂಶೋಧಕರು ತೋರಿಸಿದ್ದು ಈ ಪ್ರಾಣಿಯಲ್ಲೇ. ಆ ಶೋಧದ ಮಹತ್ವ ಇಂದಿಗೂ ಕುಂದಿಲ್ಲ. ಆದರೆ ಆಮೇಲೆ ಬೇರೆ ಬೇರೆ ಸಂತತಿಗಳ ಮಿದುಳು ತೆರೆದು ನೋಡಿದಾಗ ಗಣನೀಯ ಸಂಖ್ಯೆಯ ಜರ್ಬಿಲ್‌ಗಳಲ್ಲಿ ಒಂದು ಬದಿಯಲ್ಲೋ ಎರಡೂ ಬದಿಯಲ್ಲೋ ಆ ಬೆಸುಗೆ ಇತ್ತು. ಹಾಗಾಗಿ ಒಂದೇ ಬಗೆಯ ಶಸ್ತ್ರಕ್ರಿಯೆ, ಒಂದೇ ಬಗೆಯ ಕ್ಲಿಪ್, ಅದೇ ಐದು ನಿಮಿಷ. ಒಂದರಲ್ಲಿ ಪೂರ್ತಿ ಹಾನಿ, ಪಕ್ಕದ್ದರಲ್ಲಿ ಏನೂ ಇಲ್ಲ. ಔಷಧ ಕೊಟ್ಟ ಗುಂಪಿಗೆ ಬೆಸುಗೆಯಿರುವ ಪ್ರಾಣಿಗಳು ಹೆಚ್ಚು ಸೇರಿದ್ದರೆ ಔಷಧ ಕೆಲಸ ಮಾಡಿದಂತೆ ಕಾಣುತ್ತದೆ. ಇದಕ್ಕಿರುವ ದಾರಿ ಎರಡು: ಶಸ್ತ್ರಕ್ರಿಯೆಯ ಹೊತ್ತಿಗೆ ಮಿದುಳಿನ ರಕ್ತದ ಹರಿವನ್ನು ಲೇಸರ್ ಡಾಪ್ಲರ್‌ನಿಂದ ಅಳೆದು ಹರಿವು ನಿಜವಾಗಿ ನಿಂತಿದೆಯೇ ಎಂದು ನೋಡುವುದು, ಕೊನೆಯಲ್ಲಿ ರಕ್ತನಾಳಗಳಿಗೆ ಬಣ್ಣ ತುಂಬಿ ಪ್ರತಿ ಪ್ರಾಣಿಯ ವೃತ್ತವನ್ನೂ ದಾಖಲಿಸುವುದು.

ಶಾಖದ ಕಥೆ ಇದಕ್ಕಿಂತ ಕಣ್ಣು ತೆರೆಸುವಂಥದ್ದು. ಎಂಕೆ-801 ಎಂಬ ಔಷಧ ಜರ್ಬಿಲ್‌ನ ಮಿದುಳನ್ನು ರಕ್ತಕೊರತೆಯ ಹಾನಿಯಿಂದ ಉಳಿಸುತ್ತದೆ ಎಂದು ವರದಿಗಳು ಬಂದಿದ್ದವು. 1990ರಲ್ಲಿ ಬ್ಯೂಕನ್ ಮತ್ತು ಪುಲ್ಸಿನೆಲ್ಲಿ ಆ ಔಷಧ ಜರ್ಬಿಲ್‌ನ ಮೈಯನ್ನು ತಣ್ಣಗಾಗಿಸುತ್ತದೆ, ಮಿದುಳು ಉಳಿಯುತ್ತಿದ್ದದ್ದು ಆ ತಂಪಿನಿಂದ ಎಂದು ತೋರಿಸಿದರು. ಪ್ರಾಣಿಯನ್ನು ಬೆಚ್ಚಗಿಟ್ಟಾಗ ರಕ್ಷಣೆ ಕಾಣಲಿಲ್ಲ. ನೂರು ಗ್ರಾಂ ಆಸುಪಾಸಿನ ಪ್ರಾಣಿ ಅರಿವಳಿಕೆಯಲ್ಲಿ ನಿಮಿಷಗಳಲ್ಲೇ ತಣ್ಣಗಾಗುತ್ತದೆ. ಕೂದಲು ಬೋಳಿಸಿ ಸ್ಪಿರಿಟ್ ಒರೆಸಿದರೆ ಇನ್ನೂ ಬೇಗ. ಆದ್ದರಿಂದ ಗುದದೊಳಗೆ ತೆಳುವಾದ ತಾಪಮಾಪಕ, ಅದಕ್ಕೆ ಜೋಡಿಸಿದ ಬಿಸಿ ಹಾಸು, ಎಚ್ಚರವಾದ ಮೇಲೂ ಮೈ ಶಾಖ ಸ್ಥಿರವಾಗುವವರೆಗೆ ಗಂಟೆಗಟ್ಟಲೆ ನಿಗಾ ಬೇಕು. ಶಸ್ತ್ರಕ್ರಿಯೆ ಮುಗಿದ ಕೂಡಲೇ ಪಂಜರಕ್ಕೆ ಹಾಕಿ ದೀಪ ಆರಿಸಿ ಹೋಗುವುದು ಜರ್ಬಿಲ್ ಪ್ರಯೋಗಗಳನ್ನು ಕೆಡಿಸುವ ಸಾಮಾನ್ಯ ಕಾರಣಗಳಲ್ಲಿ ಒಂದು.

ಜರ್ಬಿಲ್‌ಗಳಲ್ಲಿ ಕೆಲವಕ್ಕೆ ಮೂರ್ಛೆ ಬರುತ್ತದೆ. ಸಂತತಿಗೆ ತಕ್ಕಂತೆ ನೂರಕ್ಕೆ 20ರಿಂದ 40ರಷ್ಟು. ಎರಡು ತಿಂಗಳ ವಯಸ್ಸಿನ ಸುಮಾರಿಗೆ ಶುರುವಾಗುತ್ತದೆ. ಹೊಸ ಪಂಜರ, ಅಚಾನಕ್ ಸದ್ದು, ಒರಟಾಗಿ ಹಿಡಿಯುವುದು ಇದನ್ನು ಎಬ್ಬಿಸುತ್ತವೆ. ಕಿವಿ, ಮೀಸೆ ಅದುರುವುದರಿಂದ ಹಿಡಿದು ಪೂರ್ತಿ ಸೆಟೆದುಕೊಳ್ಳುವವರೆಗೆ ತೀವ್ರತೆ ಬೇರೆ ಬೇರೆ. ಮಿದುಳಿನ ಮೇಲೆ ಪ್ರಯೋಗ ಮಾಡುವವರು ಪಂಜರ ಬದಲಿಸುವ ದಿನ ಯಾವ ಪ್ರಾಣಿಗೆ ಏನಾಯಿತು ಎಂದು ಮೊದಲೇ ನೋಡಿ ಬರೆದಿಟ್ಟುಕೊಳ್ಳದಿದ್ದರೆ, ಹುಟ್ಟಿನಿಂದ ಇದ್ದ ಮೂರ್ಛೆಯನ್ನು ತಾವು ಕೊಟ್ಟ ಔಷಧದ ಲೆಕ್ಕಕ್ಕೆ ಹಾಕುವ ಅಪಾಯವಿದೆ.

ಪಾಲನೆಯ ವಿಷಯಕ್ಕೆ ಬಂದರೆ, ಜರ್ಬಿಲ್ ಕೊಠಡಿಯಲ್ಲಿ ಮೊದಲು ನೋಡಬೇಕಾದದ್ದು ಆರ್ದ್ರತೆ. ಗಾಳಿಯ ಸಾಪೇಕ್ಷ ಆರ್ದ್ರತೆ 50 ಪ್ರತಿಶತ ಮೀರಿದರೆ ತುಪ್ಪಳ ಎಣ್ಣೆ ಹಚ್ಚಿದಂತೆ ಅಂಟಂಟಾಗಿ ಎದ್ದು ನಿಲ್ಲುತ್ತದೆ. ಕಣ್ಣಿನ ಹಿಂದಿನ ಹಾರ್ಡೇರಿಯನ್ ಗ್ರಂಥಿಯ ಕೆಂಪು ಸ್ರಾವ ಮೂಗಿನ ಸುತ್ತ ಒಣಗಿ ಚರ್ಮವನ್ನು ಕೆರಳಿಸುತ್ತದೆ, ಮೇಲೆ ಸ್ಟೆಫಿಲೊಕಾಕಸ್ ಸೇರಿಕೊಂಡು ಹುಣ್ಣಾಗುತ್ತದೆ. ಮುಲಾಮು ಹಚ್ಚಿ ಫಲವಿಲ್ಲ. ನುಣುಪಾದ ಶುದ್ಧ ಮರಳಿನ ತಟ್ಟೆ ಇಟ್ಟರೆ ಪ್ರಾಣಿ ಅದರಲ್ಲಿ ಹೊರಳಾಡಿ ತುಪ್ಪಳವನ್ನು ತಾನೇ ಚೊಕ್ಕಟ ಮಾಡಿಕೊಳ್ಳುತ್ತದೆ, ಒದ್ದೆಯಾದ ಹಾಸನ್ನೂ ಎಣ್ಣೆಯಂಶ ಹೆಚ್ಚಿರುವ ಮರದ ಹೊಟ್ಟನ್ನೂ ತೆಗೆದರೆ ಮೂಗು ತಾನಾಗಿ ವಾಸಿಯಾಗುತ್ತದೆ.

ಪಂಜರದ ಮೂಲೆ ಕೆರೆಯುವ ಚಟವೂ ಇದೆ. ಗಂಟೆಗಟ್ಟಲೆ ಒಂದೇ ಮೂಲೆಯಲ್ಲಿ ಮುಂಗಾಲು ಆಡಿಸುತ್ತಲೇ ಇರುತ್ತದೆ. ಅಗೆಯಲು ಮರಳು ಕೊಟ್ಟರೆ ಸರಿಹೋದೀತು ಎಂದು ಯಾರಿಗಾದರೂ ತೋಚುತ್ತದೆ. 1990ರ ದಶಕದಲ್ಲಿ ವೀಡನ್‌ಮಾಯರ್ ಮಾಡಿದ ಅಧ್ಯಯನ ಅದನ್ನು ಸುಳ್ಳಾಗಿಸಿತು. ಮರಳು ಕೊಟ್ಟರೂ ಕೆರೆತ ನಿಲ್ಲಲಿಲ್ಲ. ಕತ್ತಲೆಯ ಗೂಡಿಗೆ ಸುರಂಗದ ಮೂಲಕ ಹೋಗುವ ದಾರಿ ಮಾಡಿಕೊಟ್ಟಾಗ ಮರಿಗಳಲ್ಲಿ ಆ ಚಟ ಬೆಳೆಯಲಿಲ್ಲ. ಪ್ರಾಣಿಗೆ ಬೇಕಿದ್ದದ್ದು ಬಿಲ, ಅಗೆಯುವುದು ಬಿಲ ಸಿಗುವವರೆಗಿನ ಕೆಲಸ. ಆದ್ದರಿಂದ ಪಾರದರ್ಶಕವಲ್ಲದ ಗೂಡು, ಅದಕ್ಕೆ ಬಾಗಿದ ಕೊಳವೆಯ ಪ್ರವೇಶ, ಇದನ್ನು ಮರಿಗಳು ಚಿಕ್ಕವಿರುವಾಗಲೇ ಕೊಡಬೇಕು. ಚಟ ಅಂಟಿದ ಮೇಲೆ ಕೊಟ್ಟರೆ ಪ್ರಯೋಜನ ಕಡಿಮೆ. ಯುರೋಪಿನ 2010ರ ನಿಯಮ ಜರ್ಬಿಲ್ ಪಂಜರಕ್ಕೆ ಕನಿಷ್ಠ 18 ಸೆಂಟಿಮೀಟರ್ ಎತ್ತರ ಬೇಕೆನ್ನುತ್ತದೆ, ಹಿಂಗಾಲ ಮೇಲೆ ನೆಟ್ಟಗೆ ನಿಂತು ಸುತ್ತ ನೋಡುವುದು ಅದರ ದಿನದ ಕೆಲಸವಾದ್ದರಿಂದ.

ಬಾಲದ ತುದಿ ಹಿಡಿದು ಎತ್ತುವುದು ಬಿಳಿ ಇಲಿಯ ಕೊಠಡಿಯಿಂದ ಬರುವ ಕೆಟ್ಟ ರೂಢಿ. ಜರ್ಬಿಲ್‌ನ ಬಾಲದ ಚರ್ಮ ಉರೆಯಂತೆ ಕಳಚಿ ಕೈಗೆ ಬರುತ್ತದೆ, ಮತ್ತೆ ಬೆಳೆಯುವುದಿಲ್ಲ. ಎರಡೂ ಅಂಗೈ ಸೇರಿಸಿ ಬೊಗಸೆಯಲ್ಲಿ ಎತ್ತಬೇಕು. ಬಾಲ ಹಿಡಿಯಲೇಬೇಕಾದರೆ ಬುಡದಲ್ಲಿ, ಅದೂ ಮೈಗೆ ಆಸರೆ ಕೊಟ್ಟುಕೊಂಡು. ಜೋಡಿ ಮಾಡುವುದಿದ್ದರೆ ಎಂಟು ಹತ್ತು ವಾರದ ವಯಸ್ಸಿನೊಳಗೆ ಮಾಡಬೇಕು. ಬೆಳೆದ ಅಪರಿಚಿತ ಜರ್ಬಿಲ್‌ಗಳು ಸಾಯುವವರೆಗೆ ಕಾದಾಡುತ್ತವೆ. ಔಷಧದ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಕೊಠಡಿಯ ಬಾಗಿಲ ಮೇಲೆ ಬರೆದು ಅಂಟಿಸಿದರೂ ತಪ್ಪಿಲ್ಲ: ಸ್ಟ್ರೆಪ್ಟೊಮೈಸಿನ್ ಬೇಡ. ಸುಮಾರು 60 ಗ್ರಾಂ ತೂಗುವ ಜರ್ಬಿಲ್‌ಗೆ 50 ಮಿಲಿಗ್ರಾಂ ಡೈಹೈಡ್ರೊಸ್ಟ್ರೆಪ್ಟೊಮೈಸಿನ್ ಕೊಟ್ಟರೆ ನರ-ಸ್ನಾಯು ಸಂಪರ್ಕ ಕಡಿದು ನಿಮಿಷಗಳಲ್ಲಿ ಸಾವು ಬರಬಹುದು. ಪೆನಿಸಿಲಿನ್ ಜೊತೆ ಇದನ್ನು ಬೆರೆಸಿದ ಚುಚ್ಚುಮದ್ದುಗಳೂ ಇವೆ. ಸೀಸೆಯ ಮೇಲೆ ದೊಡ್ಡಕ್ಷರದ ಪೆನಿಸಿಲಿನ್ ಓದಿ ಸಣ್ಣಕ್ಷರ ಬಿಟ್ಟರೆ ಅನಾಹುತ.

ಮುಳ್ಳಿಲಿಯ ಸಂಗತಿ ಬೇರೆ. ಆಫ್ರಿಕಾದ ಎರಡು ಜಾತಿಯ ಮುಳ್ಳಿಲಿಗಳ ಚರ್ಮ ಸಾಮಾನ್ಯ ಇಲಿಯ ಚರ್ಮಕ್ಕಿಂತ 20 ಪಟ್ಟು ದುರ್ಬಲ ಎಂದೂ ಹರಿದ ಜಾಗದಲ್ಲಿ ಕೂದಲ ಬುಡ, ಗ್ರಂಥಿ ಸಮೇತ ಹೊಸ ಚರ್ಮ ಬರುತ್ತದೆ ಎಂದೂ 2012ರಲ್ಲಿ ಸೀಫರ್ಟ್ ಮತ್ತು ಸಂಗಡಿಗರು ವರದಿ ಮಾಡಿದರು. ಕಿವಿಯಲ್ಲಿ ಮಾಡಿದ 4 ಮಿಲಿಮೀಟರ್ ರಂಧ್ರ ಸುಮಾರು ಎರಡು ತಿಂಗಳಲ್ಲಿ ಮೃದ್ವಸ್ಥಿಯೊಂದಿಗೆ ಮುಚ್ಚಿಕೊಳ್ಳುತ್ತದೆ. ಈ ಅದ್ಭುತದಿಂದ ಪಾಲಕರಿಗೆ ಬರುವ ಮೊದಲ ತೊಂದರೆ ಏನೆಂದರೆ, ಗುರುತಿಗಾಗಿ ಕಿವಿಗೆ ತೂತು ಹಾಕುವ ಕ್ರಮವೇ ನಡೆಯುವುದಿಲ್ಲ. ಎರಡು ತಿಂಗಳ ನಂತರ ಏಳನೇ ಸಂಖ್ಯೆ ಯಾವುದು, ಎಂಟನೇ ಸಂಖ್ಯೆ ಯಾವುದು ಎಂದು ಹೇಳಲು ಬರುವುದಿಲ್ಲ. ಲೋಹದ ಬಿಲ್ಲೆ ಹಾಕಿದರೆ ತೆಳ್ಳನೆಯ ಕಿವಿ ಹರಿಯುತ್ತದೆ. ಉಳಿಯುವುದು ಮೈಕ್ರೊಚಿಪ್. ಅದನ್ನೂ ಅರಿವಳಿಕೆಯಲ್ಲಿ, ಚರ್ಮ ಎಳೆಯದೆ ಹಾಕಬೇಕು.

ಕತ್ತಿನ ಚರ್ಮ ಹಿಡಿದು ಎತ್ತುವುದು ಇಲ್ಲಿ ನಿಷಿದ್ಧ. ಬೆನ್ನಿನ ಚರ್ಮ ಹಾಳೆಯಂತೆ ಬಂದುಬಿಡುತ್ತದೆ. ‘ಮತ್ತೆ ಬೆಳೆಯುತ್ತದಲ್ಲ’ ಎನ್ನುವ ಮಾತನ್ನು ಯಾರೂ ಆಡಬಾರದು. ನೋವು ನೋವೇ, ರಕ್ತ ಹೋಗುವುದು ಹೋಗುವುದೇ. ಪ್ರಯೋಗಕ್ಕೆ ಮುನ್ನವೇ ಗಾಯವಾದ ಪ್ರಾಣಿ ಗಾಯ ಮಾಯುವುದರ ಅಧ್ಯಯನಕ್ಕೆ ಬರುವುದಿಲ್ಲ. ಬಾಲ ಹೋದರೆ ಬೆಳೆಯುವುದೂ ಇಲ್ಲ. ಕೊಳವೆ ಅಥವಾ ಲೋಟವನ್ನು ಅಡ್ಡ ಇಟ್ಟು ತಾನಾಗಿ ಒಳಹೋಗಲು ಬಿಟ್ಟು ಆಮೇಲೆ ಎತ್ತುವುದೇ ಸರಿಯಾದ ಕ್ರಮ. ಹೊಲಿಗೆ ಹಾಕುವಾಗಲೂ ದಾರ ಚರ್ಮವನ್ನು ಕೊಯ್ಯುತ್ತದೆ, ಶಸ್ತ್ರಕ್ರಿಯೆಯ ಯೋಜನೆಯನ್ನು ಅದಕ್ಕೆ ತಕ್ಕಂತೆ ಮಾಡಿಕೊಳ್ಳಬೇಕು.

ಕೈರೋ ಮುಳ್ಳಿಲಿಯ ಗರ್ಭಾವಧಿ ಸುಮಾರು 39 ದಿನ, ಬಿಳಿ ಇಲಿಯದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಮರಿಗಳು ಎರಡೋ ಮೂರೋ, ಆದರೆ ಮೈತುಂಬ ಕೂದಲಿನೊಂದಿಗೆ ಹುಟ್ಟಿ ಬೇಗನೆ ಓಡಾಡತೊಡಗುತ್ತವೆ. ಪಂಜರದ ಸರಳುಗಳ ಸಂದು ದೊಡ್ಡದಿದ್ದರೆ ಮರಿ ನೆಲದ ಮೇಲೆ ಸಿಗುತ್ತದೆ. ಹೆತ್ತ ಕೂಡಲೇ ತಾಯಿ ಮತ್ತೆ ಬೆದೆಗೆ ಬರುತ್ತದೆ. ಗಂಡನ್ನು ಅಲ್ಲೇ ಬಿಟ್ಟಿದ್ದರೆ ಹಾಲೂಡುವ ತಾಯಿ ಗರ್ಭಿಣಿಯೂ ಆಗಿರುತ್ತದೆ, ಅದನ್ನು ತಿಳಿಯದೆ ಅದರ ತೂಕ, ಹಾರ್ಮೋನು ಅಳೆದರೆ ಅರ್ಥವಿಲ್ಲ. ಈ ಜಾತಿಯ ಹೆಣ್ಣುಗಳಿಗೆ ಮುಟ್ಟಾಗುತ್ತದೆ ಎಂದು 2017ರಲ್ಲಿ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ತಂಡ ಪ್ರಕಟಿಸಿತು. ದಂಶಕಗಳಲ್ಲಿ ಇದು ಮೊದಲ ಉದಾಹರಣೆ. ಋತುಚಕ್ರ ಸುಮಾರು 9 ದಿನ. ನಾಲ್ಕೈದು ದಿನದ ಇಲಿಯ ಚಕ್ರಕ್ಕೆ ಹೊಂದಿಸಿದ ಮಾದರಿ ತೆಗೆಯುವ ವೇಳಾಪಟ್ಟಿ ಇಲ್ಲಿ ಪೂರ್ತಿ ತಾಳ ತಪ್ಪುತ್ತದೆ. ಸೂರ್ಯಕಾಂತಿ ಬೀಜದ ಆಸೆ ಇದಕ್ಕೂ ಜರ್ಬಿಲ್‌ಗೂ ಒಂದೇ. ಬಟ್ಟಲಿನಲ್ಲಿ ಬೀಜ ಇದ್ದರೆ ಪೆಲೆಟ್ ಮುಟ್ಟುವುದಿಲ್ಲ. ಕೊಬ್ಬು ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಬೀಜವನ್ನು ಪಳಗಿಸುವಾಗ ಒಂದೆರಡು ಕೊಡುವ ಬಹುಮಾನವಾಗಿ ಇಟ್ಟುಕೊಳ್ಳಬೇಕು.

ನೀರಿನ ಬಗ್ಗೆ ಇರುವ ತಪ್ಪು ತಿಳಿವಳಿಕೆಯೇ ಎಲ್ಲಕ್ಕಿಂತ ಅಪಾಯಕಾರಿ ಎಂದು ನಮಗೆ ಅನ್ನಿಸುತ್ತದೆ. ಕಾಂಗರೂ ಇಲಿ ಕುಡಿಯದೆ ಬದುಕುವ ಲೆಕ್ಕವನ್ನು ಶ್ಮಿಟ್-ನೀಲ್ಸನ್ ದಂಪತಿ ಅಚ್ಚುಕಟ್ಟಾಗಿ ಹಾಕಿದ್ದಾರೆ. 25 ಡಿಗ್ರಿ ಸೆಲ್ಸಿಯಸ್, 20 ಪ್ರತಿಶತ ಆರ್ದ್ರತೆಯಲ್ಲಿ 100 ಗ್ರಾಂ ಒಣ ಬಾರ್ಲಿ ತಿಂದರೆ ಅದು ದೇಹದಲ್ಲಿ ಉರಿದು 54 ಮಿಲಿಲೀಟರ್ ನೀರು ಹುಟ್ಟುತ್ತದೆ, ಕಾಳಿನಲ್ಲೇ ಇದ್ದ ತೇವ 6. ಒಟ್ಟು 60. ಖರ್ಚಿನಲ್ಲಿ ಉಸಿರು ಮತ್ತು ಚರ್ಮದಿಂದ ಆವಿಯಾಗುವುದು 43.9, ಮೂತ್ರ 13.5, ಹಿಕ್ಕೆಯಲ್ಲಿ 2.6. ಜಮೆಗೂ ಖರ್ಚಿಗೂ ಸರಿಹೋಗುತ್ತದೆ. ಆದರೆ ಈ ಲೆಕ್ಕ ಬಾರ್ಲಿಗೆ ಮಾತ್ರ. ಸೋಯಾದಂಥ ಪ್ರೊಟೀನ್ ಹೆಚ್ಚಿರುವ ಆಹಾರ ಕೊಟ್ಟರೆ ಯೂರಿಯಾ ಹೊರಹಾಕಲು ಮೂತ್ರ ಹೆಚ್ಚು ಬೇಕು, ಆಗ ಇದೇ ಪ್ರಾಣಿಗೆ ಕುಡಿಯಲೇಬೇಕಾಗುತ್ತದೆ. ಸೋಯಾ ತಿನ್ನಿಸಿ, ಅದು ಸಮುದ್ರದ ನೀರು ಕುಡಿದೂ ಬದುಕಬಲ್ಲದು ಎಂದು ಅವರು ತೋರಿಸಿದ್ದು ಹೀಗೆಯೇ. ಆಸ್ಟ್ರೇಲಿಯಾದ ನೊಟೊಮಿಸ್ ಅಲೆಕ್ಸಿಸ್ ಎಂಬ ಜಿಗಿಯುವ ಇಲಿಯ ಮೂತ್ರದ ಸಾಂದ್ರತೆ ಲೀಟರಿಗೆ 9,370 ಮಿಲಿಆಸ್ಮೋಲ್‌ವರೆಗೆ ಅಳತೆಗೆ ಸಿಕ್ಕಿದೆ. ಮನುಷ್ಯರದು ಹೆಚ್ಚೆಂದರೆ 1,400ರ ಆಸುಪಾಸು. ಇಂಥ ಅಂಕಿ ಓದಿ ‘ಮರುಭೂಮಿಯ ಪ್ರಾಣಿ, ನೀರು ಬೇಡ’ ಎಂದು ನಿರ್ಧರಿಸುವವರು ಇದ್ದಾರೆ. ಪ್ರೊಟೀನ್ ಹೆಚ್ಚಿರುವ ಪೆಲೆಟ್ ಕೊಟ್ಟು ಜರ್ಬಿಲ್‌ನ ನೀರಿನ ಬಾಟಲಿ ತೆಗೆದರೆ ಅದು ತಿನ್ನುವುದನ್ನೂ ಬಿಟ್ಟು ಕರಗುತ್ತದೆ. ವಯಸ್ಕ ಜರ್ಬಿಲ್ ದಿನಕ್ಕೆ 4ರಿಂದ 7 ಮಿಲಿಲೀಟರ್ ಕುಡಿಯುತ್ತದೆ. ಬಾಟಲಿಯ ಮೂತಿ ಹಾಲು ಬಿಟ್ಟ ಮರಿಗಳಿಗೂ ಎಟುಕುವಷ್ಟು ಕೆಳಗಿರಬೇಕು. ಎಟುಕದೆ ಸಾಯುವ ಮರಿಗಳನ್ನು ರೋಗದಿಂದ ಸತ್ತವೆಂದು ಬರೆಯುವುದುಂಟು.

ನೇಕೆಡ್ ಮೋಲ್ ರ‍್ಯಾಟ್ ಬಗ್ಗೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ, ಹಾಗಾಗಿ ಚುಟುಕಾಗಿ. ಪೂರ್ವ ಆಫ್ರಿಕಾದ ಒಣ ನೆಲದಡಿ ವಾಸಿಸುವ ಈ ಪ್ರಾಣಿ 30 ವರ್ಷ ಮೀರಿ ಬದುಕುತ್ತದೆ, ಆಮ್ಲಜನಕವೇ ಇಲ್ಲದೆ 18 ನಿಮಿಷ ತಾಳಿಕೊಂಡದ್ದು 2017ರಲ್ಲಿ ವರದಿಯಾಗಿದೆ. ಕ್ಯಾನ್ಸರ್ ಬರುವುದೇ ಇಲ್ಲ ಎನ್ನುವುದು ಸರಿಯಲ್ಲ, ಅಪರೂಪ ಎನ್ನಬೇಕು. 2016ರಲ್ಲಿ ಪಶುರೋಗ ತಜ್ಞರು ಪ್ರಕರಣಗಳನ್ನು ದಾಖಲಿಸಿದ್ದಾರೆ. ತನ್ನ ಮೈಯನ್ನು ತಾನು ಬೆಚ್ಚಗಿಟ್ಟುಕೊಳ್ಳಲು ಅದಕ್ಕೆ ಸರಿಯಾಗಿ ಆಗದು, ಕೊಠಡಿ 28ರಿಂದ 32 ಡಿಗ್ರಿ ಇರಬೇಕು. ಒಂದು ರಾತ್ರಿ ಹೀಟರ್ ಕೈಕೊಟ್ಟರೆ ಇಡೀ ಗುಂಪಿನ ದೇಹಕ್ರಿಯೆ ಬದಲಾಗುತ್ತದೆ, ಆದ್ದರಿಂದ ಎರಡನೇ ಹೀಟರ್ ಮತ್ತು ಎಚ್ಚರಿಕೆಯ ಗಂಟೆ ಇಲ್ಲದ ಕಡೆ ಇದನ್ನು ಸಾಕಲೇಬಾರದು. ಮರಿ ಹಾಕುವುದು ರಾಣಿಯೊಂದೇ. ಪ್ರಯೋಗಕ್ಕೆಂದು ಹೊರತೆಗೆದ ಪ್ರಾಣಿಯನ್ನು ಬಹಳ ದಿನ ಬಿಟ್ಟು ವಾಪಸು ಹಾಕಿದರೆ ಗುಂಪು ಅದನ್ನು ಪರಕೀಯವೆಂದು ಕೊಲ್ಲಬಹುದು.

ಬೆಳಕಿನ ವಿಷಯವನ್ನು ಬಹುತೇಕ ಯಾರೂ ಕೇಳುವುದಿಲ್ಲ. ಮರಳಿಲಿ, ಚಿಲಿಯ ಡೆಗು ಎಂಬ ದಂಶಕ ಹಗಲು ಎಚ್ಚರವಿರುವ ಪ್ರಾಣಿಗಳು. ಇಲಿಗಳಿಗಾಗಿ ಮಂದವಾಗಿಟ್ಟ ಕೊಠಡಿ ಅವಕ್ಕೆ ಸಂಜೆಯಿದ್ದಂತೆ. ದಿನಕ್ಕೆ 5 ಗಂಟೆ ಬೆಳಕು, 19 ಗಂಟೆ ಕತ್ತಲೆ ಕೊಟ್ಟಾಗ ಮರಳಿಲಿಗಳಲ್ಲಿ ಖಿನ್ನತೆಯನ್ನು ಹೋಲುವ ನಡವಳಿಕೆ ಕಾಣುತ್ತದೆ, ಅದನ್ನೇ ಸಂಶೋಧನೆಯ ಮಾದರಿಯಾಗಿಯೂ ಬಳಸುತ್ತಾರೆ. ಅಂದಮೇಲೆ ಮಧುಮೇಹದ ಪ್ರಯೋಗದಲ್ಲಿ ದೀಪದ ಟೈಮರ್ ಕೆಟ್ಟದ್ದೂ ಫಲಿತಾಂಶದ ಭಾಗ. ಚಿನ್ನದ ಮುಳ್ಳಿಲಿಯ ವಿಷಯ ಇನ್ನೂ ಸೂಕ್ಷ್ಮ: ಮೃತ ಸಮುದ್ರದ ಬಳಿಯ ಎನ್ ಗೆಡಿಯಲ್ಲಿ ರಾತ್ರಿ ಓಡಾಡುವ ಸಾಮಾನ್ಯ ಮುಳ್ಳಿಲಿಯ ಪೈಪೋಟಿಯಿಂದಾಗಿ ಅದು ಹಗಲಿಗೆ ಸರಿದಿದೆ. ಆ ಬಂಧುವನ್ನು ಅಲ್ಲಿಂದ ತೆಗೆದಾಗ ಅದೂ ರಾತ್ರಿ ಓಡಾಡತೊಡಗಿತು. ಒಂದೇ ಕೊಠಡಿಯಲ್ಲಿ ಎರಡೂ ಜಾತಿಗಳನ್ನು ಇಡುವವರು ಇದನ್ನು ತಿಳಿದಿರಬೇಕು.

ಉದ್ದ ಹಿಂಗಾಲಿನಿಂದ ಜಿಗಿಯುವ ದಂಶಕ ಜರ್ಬೋವಾದ ಪಾದದ ಮೂಳೆಗಳು ಭ್ರೂಣದಲ್ಲಿ ಹೇಗೆ ಬೆಸೆದುಕೊಳ್ಳುತ್ತವೆ ಎಂಬ ಅಧ್ಯಯನದಿಂದ ಕೈಕಾಲುಗಳ ಬೆಳವಣಿಗೆಯ ಬಗ್ಗೆ ಬಹಳ ತಿಳಿದಿದೆ. ಆದರೆ ಸೆರೆಯಲ್ಲಿ ಅದು ಮರಿ ಹಾಕುವುದು ಕಷ್ಟ. ಮರುಭೂಮಿಯಿಂದ ಹಿಡಿದು ತರಬೇಕಾದ ಅನಿವಾರ್ಯ ಅಲ್ಲಿಂದ ಹುಟ್ಟುತ್ತದೆ. ಹಿಡಿದು ತಂದ ಪ್ರಾಣಿಯ ವಯಸ್ಸು ತಿಳಿಯದು, ಹಿಂದೆ ಏನು ತಿಂದಿತ್ತೋ ತಿಳಿಯದು, ಮೈಯಲ್ಲಿ ಏನಿದೆಯೋ ಅದೂ ತಿಳಿಯದು. ಮರಳಿಲಿ ಮತ್ತು ಕೆಲವು ಜರ್ಬಿಲ್‌ಗಳು ಚರ್ಮದಲ್ಲಿ ಹುಣ್ಣು ಮಾಡುವ ಲೀಷ್ಮೇನಿಯಾಸಿಸ್ ರೋಗಾಣುವಿನ ಆಶ್ರಯ. ಮಧ್ಯ ಏಷ್ಯಾದ ದೊಡ್ಡ ಜರ್ಬಿಲ್ ಪ್ಲೇಗಿನ ಆಶ್ರಯ. ಹಾಗಾಗಿ ಪ್ರತ್ಯೇಕ ಕೊಠಡಿಯಲ್ಲಿ ದಿಗ್ಬಂಧನ, ಚಿಗಟ ಮತ್ತು ಉಣ್ಣೆಗಳ ನಿರ್ಮೂಲನೆ, ಹಿಕ್ಕೆಯಲ್ಲಿ ಲಾಡಿಹುಳದ ಮೊಟ್ಟೆಗಾಗಿ ಪರೀಕ್ಷೆ ಮುಗಿಯದೆ ಬೇರೆ ಪ್ರಾಣಿಗಳ ಹತ್ತಿರ ತರಕೂಡದು. ರಕ್ತದ ಪ್ರತಿಕಾಯ ಪರೀಕ್ಷೆಯ ಮೇಲೆ ಮಾತ್ರ ಭರವಸೆ ಇಡುವಂತಿಲ್ಲ. ಇಲಿಯ ಪ್ರತಿಕಾಯ ಹಿಡಿಯಲು ತಯಾರಾದ ರಾಸಾಯನಿಕ ಬೇರೆ ಜಾತಿಯದನ್ನು ಹಿಡಿಯದೆ ‘ರೋಗವಿಲ್ಲ’ ಎಂದು ತೋರಿಸಬಹುದು. ರೋಗಾಣುವಿನ ಜೀನನ್ನೇ ಹುಡುಕುವ ಪಿಸಿಆರ್ ಹೆಚ್ಚು ಭರವಸೆಯದು.

ಹಾಗೆಂದು ಇಂಥ ಪ್ರಾಣಿಗಳು ಬೇಡ ಎಂಬುದು ನಮ್ಮ ಅಭಿಪ್ರಾಯವಲ್ಲ. ಬ್ರೂಜಿಯಾ ಜಾತಿಯ ಆನೆಕಾಲು ಹುಳುಗಳನ್ನು ಪ್ರಯೋಗಾಲಯದಲ್ಲಿ ಪೂರ್ತಿ ಬೆಳೆಸಲು ಜರ್ಬಿಲ್ ದೊಡ್ಡ ನೆರವಾಗಿದೆ. ಹೆಲಿಕೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಸೋಂಕಿನಿಂದ ಜಠರದ ಕ್ಯಾನ್ಸರ್ ಬರಬಲ್ಲದೆಂದು 1998ರಲ್ಲಿ ಜಪಾನಿನ ಸಂಶೋಧಕರು ತೋರಿಸಿದ್ದೂ ಜರ್ಬಿಲ್‌ನಲ್ಲೇ. 62 ವಾರಗಳ ನಂತರ 37 ಪ್ರತಿಶತ ಪ್ರಾಣಿಗಳಲ್ಲಿ ಗೆಡ್ಡೆ ಇತ್ತು. ಬಿಳಿ ಇಲಿ ಉತ್ತರಿಸಲಾರದ ಪ್ರಶ್ನೆಗಳಿವೆ, ಅವಕ್ಕೆ ಈ ಪ್ರಾಣಿಗಳು ಬೇಕು. ಬೇಕು ಎಂದ ಮೇಲೆ ಅವುಗಳ ಬಿಲ, ಮರಳು, ಎಲೆ, ಬೆಳಕು ಪ್ರಯೋಗದ ಖರ್ಚಿನ ಪಟ್ಟಿಯಲ್ಲಿ ಮೊದಲೇ ಇರಬೇಕು. ಹೊಸ ಜಾತಿ ತರುವ ಸಂಸ್ಥೆ ಮೊದಲ ಕೆಲವು ತಿಂಗಳು ಯಾವ ಪ್ರಯೋಗವನ್ನೂ ಮಾಡದೆ ಸಾಕುವುದನ್ನಷ್ಟೇ ಕಲಿಯಲಿ. ವಾರಕ್ಕೊಮ್ಮೆ ತೂಕ, ತಿಂಡಿ ಮತ್ತು ನೀರಿನ ಅಳತೆ, ಮರಿಗಳ ಸಂಖ್ಯೆ, ಸಾವಿನ ಕಾರಣ ಬರೆದಿಟ್ಟು ತನ್ನದೇ ಸಹಜ ಅಂಕಿಗಳ ಪಟ್ಟಿ ಮಾಡಿಕೊಳ್ಳಲಿ. ಅಂಥ ಪಟ್ಟಿ ಇಲ್ಲದೆ ಯಾವುದು ರೋಗ, ಯಾವುದು ಸಹಜ ಎಂದು ತೀರ್ಮಾನಿಸಲು ಬರುವುದಿಲ್ಲ.

ಪ್ರಾಣಿ ಪ್ರಯೋಗಗಳನ್ನು ವರದಿ ಮಾಡಲು 2010ರಲ್ಲಿ ಬಂದು 2020ರಲ್ಲಿ ಪರಿಷ್ಕೃತವಾದ ಅರೈವ್ ಮಾರ್ಗಸೂಚಿ ಪಂಜರ, ಆಹಾರ, ಬೆಳಕು, ಶಾಖಗಳ ವಿವರವನ್ನು ಕೇಳುತ್ತದೆ. ತಮ್ಮ ಪತ್ರಿಕೆಯ ವಿಜ್ಞಾನ ವರದಿಗಾರರೂ ಸಂಶೋಧಕರೊಂದಿಗೆ ಮಾತಾಡುವಾಗ ಪ್ರಾಣಿ ಎಲ್ಲಿ ಹುಟ್ಟಿದ್ದು, ಏನು ತಿನ್ನುತ್ತಿತ್ತು, ಅಗೆಯಲು ಅಡಗಲು ಜಾಗವಿತ್ತೇ, ಎಷ್ಟು ಪ್ರಾಣಿಗಳು ನಡುವೆ ಸತ್ತವು ಎಂದು ಕೇಳಿ, ಬಂದ ಉತ್ತರವನ್ನು ಸುದ್ದಿಯ ಜೊತೆಗೇ ಅಚ್ಚುಮಾಡಬೇಕೆಂದು ಕೋರುತ್ತೇವೆ. ಉತ್ತರ ಸಿಗದಿದ್ದರೆ ಸಿಗಲಿಲ್ಲ ಎಂದೇ ಅಚ್ಚಾಗಲಿ.

ಇತಿ,
ಪ್ರಯೋಗಾಲಯ ಪ್ರಾಣಿಪಾಲನೆಯಲ್ಲಿ ತೊಡಗಿರುವ ಓದುಗರು